‘ಇಲ್ರಿ’ ಕಲಿಸಿದ ಸರ್ಕಾರಿ ವಕೀಲರು

ಕಳೆದ ಮಂಗಳವಾರ ನಲವತ್ತೊಂದು ಮಕ್ಕಳ ಎದುರು ನನ್ನ ಮಾನ ಹೋಯಿತು. ಅದನ್ನು ಖುಷಿಯಿಂದ ಬರೆಯುತ್ತಿದ್ದೇನೆ.

ನಾಲ್ಕನೇ ಕ್ಲಾಸು. ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು (ತೋರಿಸಲಿಕ್ಕೆ ಮಾತ್ರ) ಜಿಲ್ಲೆಯ ನದಿಗಳ ಪಾಠ ಮಾಡುತ್ತಿದ್ದೆ. ಬೆಳಗಿನ ಚಹಾ ತಪ್ಪಿತ್ತೋ ಏನೋ, ‘ಯಾದಗಿರಿ ಕೃಷ್ಣಾ ನದಿಯ ದಂಡೆಯ ಮೇಲಿದೆ’ ಅಂದುಬಿಟ್ಟೆ. ನಲವತ್ತು ಮಕ್ಕಳು ಒಂದೇ ರಾಗದಲ್ಲಿ ‘ಹೌದ್ರೀ ಟೀಚರ್’ ಅಂದರು. ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು.

“ಇಲ್ರಿ ಟೀಚರ್. ಭೀಮಾ ನದಿರಿ. ನೀವ್ ಹೇಳಿದ್ದು ತಪ್ಪೈತ್ರಿ.”

ಎಲ್ಲರ ಕಣ್ಣೂ ನನ್ನ ಕೋಲಿನ ಮೇಲೆ. ನಾನು ಕೋಲು ಬದಿಗಿಟ್ಟು ಚಪ್ಪಾಳೆ ಹೊಡೆದೆ. ಎಲ್ಲರಿಂದಲೂ ಹೊಡೆಸಿದೆ. ಯಾರದೋ ಬರ್ತ್‌ಡೇ ಇರಬೇಕು ಅಂತ ಪಕ್ಕದ ಕ್ಲಾಸಿನ ಮೇಷ್ಟ್ರು ಇಣುಕಿ ಹೋದರು.

ಇದರಲ್ಲಿ ಅಂಥದ್ದೇನಿದೆ ಅಂತೀರಾ? ಇದೆ. ಈ ಹುಡುಗಿ ಹೋದ ವರ್ಷದ ತನಕ ಯಾವ ದೊಡ್ಡವರಿಗೂ ‘ಇಲ್ಲ’ ಅಂದವಳೇ ಅಲ್ಲ.

ಅವಳನ್ನು ಮುನ್ನಿ ಅಂತ ಕರೆಯೋಣ. (ನಿಜವಾದ ಹೆಸರಲ್ಲ. ಊರೂ ಹೇಳುವುದಿಲ್ಲ. ಗೋಗಿಗೂ ದೋರನಹಳ್ಳಿಗೂ ನಡುವೆ ಎಲ್ಲೋ ಅಂದುಕೊಳ್ಳಿ. ಅಪ್ಪ ಅಮ್ಮನ ಕಸುಬನ್ನೂ ಬದಲಿಸಿದ್ದೇನೆ. ಮಗುವಿನ ಗುರುತು ಬಯಲಾಗಬಾರದು. ನಾನು ಈ ಅಂಕಣವನ್ನು ಗುಪ್ತನಾಮದಲ್ಲಿ ಬರೆಯುವುದಕ್ಕೆ ಇವತ್ತೊಂದು ಒಳ್ಳೆಯ ಕಾರಣ ಸಿಕ್ಕಿತು.) ಅಪ್ಪ ವೆಲ್ಡರ್, ಅಮ್ಮ ಬ್ಲೌಸ್ ಹೊಲಿಯುತ್ತಾಳೆ. ಮನೆಮಾತು ದಖ್ಖನಿ ಉರ್ದು. ಮನೆಯಲ್ಲಿ ‘ಹೌ’, ಶಾಲೆಯಲ್ಲಿ ‘ಹೌದ್ರಿ’. ಇಷ್ಟು ಮರ್ಯಾದಸ್ಥ ಹುಡುಗಿ ಇನ್ನೊಬ್ಬಳಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಹೊಗಳಿದವಳು ನಾನೇ.

ಆ ಮರ್ಯಾದೆಯೇ ಅವಳನ್ನು ಬೈಕ್ ಹತ್ತಿಸಿತು.

ಹೋದ ವರ್ಷ ಒಂದು ಸಂಜೆ ಶಾಲೆ ಬಿಟ್ಟ ಮೇಲೆ, ಗುರುತಿಲ್ಲದ ಒಬ್ಬ ಬೈಕ್ ನಿಲ್ಲಿಸಿ “ನಿಮ್ಮಪ್ಪ ಕರಕೊಂಡ್ ಬಾ ಅಂದಾನ. ನೀ ಶಾಣ್ಯಾ ಹುಡುಗಿ, ಬರ್ತಿ ಹೌದಿಲ್ಲೋ?” ಅಂದ. ಮುನ್ನಿ “ಹೌದ್ರಿ” ಅಂದಳು. ಹತ್ತಿದಳು. ಒಂದು ಮಗು ಕಳೆದುಹೋಗಲು ಅಷ್ಟೇ ಮಾತು ಸಾಕು ನೋಡಿ.

ಪುಣ್ಯಕ್ಕೆ ದಿನಾ ಅವಳನ್ನು ಶಾಲೆಗೆ ಕರೆತರುವ ಟಂಟಂ ಆಟೋದ ಶರಣಪ್ಪ ಎದುರು ಬಂದ. ಮನೆ ಕಡೆ ಹೋಗಬೇಕಾದ ಹುಡುಗಿ ಶಹಾಪುರದ ಕಡೆ ಯಾಕೆ ಹೊರಟಳು ಅಂತ ಅನುಮಾನ ಬಂದು, ಗಾಡಿಯನ್ನೇ ರಸ್ತೆಗೆ ಅಡ್ಡ ಹಾಕಿದ. ಬೈಕಿನವ ಸಿಕ್ಕಿಬಿದ್ದ. ಮುನ್ನಿ ಅರ್ಧ ಗಂಟೆಯಲ್ಲಿ ಅಮ್ಮನ ಮಡಿಲಲ್ಲಿದ್ದಳು, ಕೂದಲೂ ಕೊಂಕಿರಲಿಲ್ಲ.

ಕೇಸು ಯಾದಗಿರಿ ಕೋರ್ಟಿಗೆ ಬಂತು. ಬೈಕಿನವನ ವಾದ ಏನು? ಹುಡುಗಿಯ ಅಪ್ಪನೇ ಕಳಿಸಿದ್ದ, ಬೇಕಾದರೆ ಅವಳನ್ನೇ ಕೇಳಿ. ತಾನು ಕಳಿಸಿಲ್ಲ ಅಂತ ಅಪ್ಪ ಹೇಳಿದ, ಆದರೆ ಬೈಕಿನವ ಮುನ್ನಿಗೆ ಏನು ಹೇಳಿದ ಅನ್ನುವುದು ಗೊತ್ತಿದ್ದದ್ದು ಮುನ್ನಿ ಒಬ್ಬಳಿಗೇ. ಅವಳು ಸಾಕ್ಷಿ ಹೇಳಬೇಕಿತ್ತು.

ನನ್ನೊಳಗಿನ ಟೀಚರ್ ಸುಮ್ಮನಿರುತ್ತಾಳೆಯೇ? ಎರಡು ಹಾಳೆ ತುಂಬ ಪ್ರಶ್ನೋತ್ತರ ಬರೆದೆ. ಇಂಪಾರ್ಟೆಂಟ್ ಪ್ರಶ್ನೆಗಳಿಗೆ ಕೆಂಪು ಇಂಕಿನ ಗೆರೆ. ಒಂದು ವಾರ ಬಾಯಿಪಾಠ. ಮುನ್ನಿ ಉಸಿರು ಬಿಡದೆ ಒಪ್ಪಿಸುವ ಮಟ್ಟಕ್ಕೆ ಬಂದಳು. ಒಂದು ಶನಿವಾರ ಅವಳನ್ನೂ ಅವಳ ಅಮ್ಮನನ್ನೂ ಕರೆದುಕೊಂಡು, ರ‍್ಯಾಂಕ್ ಬಂದಷ್ಟೇ ಹೆಮ್ಮೆಯಿಂದ, ಸರ್ಕಾರಿ ವಕೀಲರ ಆಫೀಸಿಗೆ ಹೋದೆ.

ಸರ್ಕಾರಿ ವಕೀಲರು ಸುರಪುರದವರು. ಎಲ್ಲರ ಬಾಯಲ್ಲಿ ಪಿಪಿ ಸಾಹೇಬ್ರು. ಆರಡಿ ಆಳು, ಹುರಿ ಮೀಸೆ, ಮಾತಾಡಿದರೆ ಗುಡುಗು. ಈ ಮನುಷ್ಯನ ಮುಂದೆ ಮಗು ಬಾಯಿ ಬಿಟ್ಟ ಹಾಗೇ ಇದೆ ಅಂದುಕೊಂಡೆ. ಅವರು ನನ್ನ ಹಾಳೆಗಳನ್ನು ಪೂರ್ತಿ ಓದಿದರು.

“ಟೀಚರ್, ಅಕ್ಷರ ಭಾಳ ಚಂದ ಅದಾವ್ರಿ. ಮನಿಗಿ ಹೋಗಿ ಒಲಿಗಿ ಹಾಕ್ರಿ.”

“ಯಾಕ್ರಿ ಸಾಹೇಬ್ರ?”

“ಬಾಯಿಪಾಠ ಮಾಡಿಸ್ಯಾರ ಅಂತ ಆ ಕಡಿ ವಕೀಲ್ರು ತೋರಿಸಿಬಿಟ್ರ ಕೇಸ್ ಅಲ್ಲೇ ಬಿತ್ರಿ. ಹುಡುಗಿ ತನಗ ಗೊತ್ತಿದ್ದದ್ದು ತನ್ನ ಮಾತಿನಾಗ ಹೇಳಬೇಕು. ನೀವೂ ಹೇಳಿಕೊಡಂಗಿಲ್ಲ, ನಾನೂ ಹೇಳಿಕೊಡಂಗಿಲ್ಲ. ಇವತ್ತ ಕೇಸಿನ ಮಾತು ಒಂದೂ ಬ್ಯಾಡ.”

ಇಪ್ಪತ್ತೆರಡು ವರ್ಷದ ಸರ್ವಿಸ್ ಒಲೆಗೆ ಬಿತ್ತು. ಹಾಗಾದರೆ ಇಷ್ಟು ದೂರ ಬಂದದ್ದು ಯಾಕೆ ಅಂತ ಕೇಳುವಷ್ಟರಲ್ಲಿ ಸಾಹೇಬರು ಕರಿಕೋಟಿನ ಸಮೇತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಮುನ್ನಿಯನ್ನು ಎದುರು ಕೂರಿಸಿಕೊಂಡರು.

“ಬೇಟಾ, ನನ್ನ ಕೋಟು ಕೆಂಪೈತಿ, ಹೌದಿಲ್ಲೋ?”

“ಹೌದ್ರಿ.”

“ಯಾದಗಿರಿಯೊಳಗ ಸಮುದ್ರ ಐತಿ, ಹೌದಿಲ್ಲೋ?”

“ಹೌದ್ರಿ.”

“ಇವತ್ತ ನೀ ಆನಿ ಮ್ಯಾಲ ಕುಂತ್ ಬಂದಿ, ಹೌದಿಲ್ಲೋ?”

ಮುನ್ನಿ ಸ್ವಲ್ಪ ಯೋಚಿಸಿದಳು. ಸಾಹೇಬರ ಮೀಸೆ ನೋಡಿದಳು. “ಹೌದ್ರಿ.”

ಅವಳಮ್ಮ ಹಣೆ ಹಣೆ ಬಡಿದುಕೊಂಡಳು. ನನಗೆ ಮೊದಲು ನಗು ಬಂತು, ಆಮೇಲೆ ಬೈಕಿನವನ ವಾದ ನೆನಪಾಯಿತು. ನಾಳೆ ಕೋರ್ಟಿನಲ್ಲಿ ‘ನಿಮ್ಮಪ್ಪನೇ ಕಳಿಸಿದ್ದ, ಹೌದಿಲ್ಲೋ’ ಅಂತ ಪ್ರಶ್ನೆ ಬಂದರೆ? ಒಂದೇ ಒಂದು ‘ಹೌದ್ರಿ’ಗೆ ಆ ಮನುಷ್ಯ ಅದೇ ಬೈಕ್ ಹತ್ತಿ ಮನೆಗೆ ಹೋಗುತ್ತಾನೆ. ಇನ್ನೊಂದು ಶಾಲೆಯ ಗೇಟಿಗೂ ಹೋಗುತ್ತಾನೆ. ಆ ‘ಹೌದ್ರಿ’ ಕಲಿಸಿದವರು ಯಾರು? ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಒಂದನೇ ಕ್ಲಾಸಿನಿಂದ ತಿದ್ದಿಸಿದವಳು ನಾನೇ ಅಲ್ಲವೇ? ನಿಜ ಹೇಳುತ್ತೇನೆ, ಅವತ್ತು ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಸಾಹೇಬರಿಗೆ ಸಿಟ್ಟು ಬರಲಿಲ್ಲ. ಗುಡುಗನ್ನು ಎಲ್ಲಿ ಬಚ್ಚಿಟ್ಟರೋ, ಮೆಲ್ಲಗೆ ಹೇಳಿದರು. “ಬೇಟಾ, ಕರಿಕೋಟ್ ಹಾಕ್ಕೊಂಡವ್ರೂ ತಪ್ಪು ಮಾತಾಡ್ತಾರ. ತಪ್ಪಿದ್ರ ಇಲ್ರಿ ಅನ್ನು. ಗೊತ್ತಿಲ್ಲಂದ್ರ ಗೊತ್ತಿಲ್ರಿ ಅನ್ನು. ಖರೇ ಇದ್ರ ಅಷ್ಟ ಹೌದ್ರಿ. ಯಾರೂ ಬೈಯಂಗಿಲ್ಲ, ನಾ ಅದೀನಿ. ಈಗ ಹೇಳು, ನಿಮ್ಮ ಟೀಚರ್‌ಗಿ ನನ್ನಂಗ ಮೀಸಿ ಅದಾವ, ಹೌದಿಲ್ಲೋ?”

ಮುನ್ನಿ ನನ್ನ ಕಡೆ ತಿರುಗಿದಳು. ಎದ್ದು ಹತ್ತಿರ ಬಂದಳು. ಕಿಟಕಿಯ ಬೆಳಕಿಗೆ ಕತ್ತು ವಾಲಿಸಿ ನನ್ನ ಮೇಲ್ತುಟಿಯನ್ನು ಪರೀಕ್ಷಿಸಿದಳು.

“ಇಲ್ರಿ. ನಿಮ್ಮಷ್ಟ ಇಲ್ರಿ,” ಅಂದಳು. “ಸ್ವಲ್ಪ ಅದಾವ್ರಿ.”

ಸಾಹೇಬರು ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಇಂಥಾ ಸಾಕ್ಷಿ ಬೇಕ್ರಿ ನನಗ!” ಅವಳಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. (ಮರುದಿನವೇ ಬ್ಯೂಟಿ ಪಾರ್ಲರ್‌ಗೆ ಹೋಗಿ ಬಂದೆ. ಅದರ ವಿವರ ನಿಮಗೆ ಬೇಡ.)

ಹೊರಡುವ ಮುನ್ನ ಅವರೇ ಮುನ್ನಿಗೆ ಖಾಲಿ ಕೋರ್ಟ್ ಹಾಲ್ ತೋರಿಸಿದರು. ಜಡ್ಜ್ ಮೇಡಂ ಎಲ್ಲಿ ಕೂರುತ್ತಾರೆ, ಅವಳು ಎಲ್ಲಿ ಕೂರಬೇಕು, ಬೈಕಿನವನ ಮುಖ ಕಾಣದಂತೆ ಪರದೆ ಎಲ್ಲಿ ಬರುತ್ತದೆ, ಅಮ್ಮ ಎಷ್ಟು ಹತ್ತಿರ ಇರುತ್ತಾಳೆ. ನೀರಿನ ಬಾಟಲಿ ಇಡುವ ಜಾಗ ಕೂಡ. ಸಿನಿಮಾಗಳಲ್ಲಿ ಟೇಬಲ್ ಕುಟ್ಟುವ ವಕೀಲರನ್ನೇ ನೋಡಿದ್ದ ನನಗೆ, ನೀರಿನ ಬಾಟಲಿಗೂ ಜಾಗ ಹುಡುಕುವ ವಕೀಲರನ್ನು ನೋಡಿದ್ದು ಅದೇ ಮೊದಲು.

ಆಮೇಲೆ ಊರಲ್ಲಿ ಟ್ರೈನಿಂಗ್ ಶುರು. ಕೇಸಿನ ಮಾತು ಬಿಟ್ಟು ಬೇರೆ ಯಾವ ಸುಳ್ಳನ್ನಾದರೂ ಹೇಳಬಹುದು ಅಂತ ಸಾಹೇಬರ ಪರ್ಮಿಷನ್. ಅಮ್ಮ ಜೋಳದ ರೊಟ್ಟಿ ಬಡಿಯುತ್ತ “ಇದು ಬಿರಿಯಾನಿ, ಹೌದಿಲ್ಲೋ?” ಅನ್ನುವಳು. ಶರಣಪ್ಪ “ಇದು ವಿಮಾನ, ಹೌದಿಲ್ಲೋ?” ಅನ್ನುವನು. “ಇಲ್ರಿ ಕಾಕಾ, ಟಂಟಂ! ಹಾರ್ನೂ ಇಲ್ರಿ ಇದಕ್ಕ!” ಗಾಡಿಯಲ್ಲಿದ್ದವರೆಲ್ಲ ಹೌದೆನ್ನುವರು. ಆ ವಾರವೇ ಶರಣಪ್ಪ ಹಾರ್ನ್ ಹಾಕಿಸಿದ.

ಸಾಕ್ಷಿಯ ದಿನ ಅಮ್ಮ ಮಗಳು ಒಳಗೆ ಹೋದರು. ಅಂಥ ವಿಚಾರಣೆಗೆ ಹೊರಗಿನವರಿಗೆ ಪ್ರವೇಶ ಇಲ್ಲ. ತನ್ನ ಸರದಿ ಕಾಯುತ್ತಿದ್ದ ಶರಣಪ್ಪನೂ ನಾನೂ ಬೇವಿನ ಮರದ ಕೆಳಗೆ ಕುಳಿತೆವು. ನಾಲ್ಕು ಸಲ ಚಹಾ ಕುಡಿದೆವು. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಅಷ್ಟು ಬೆವರಿರಲಿಲ್ಲ.

ಗಂಟೆಯ ಮೇಲೆ ಬಾಗಿಲು ತೆರೆಯಿತು. ಮುನ್ನಿ ಕುಣಿಯುತ್ತ ಬಂದಳು. ಒಳಗೆ ಏನು ನಡೆಯಿತು ಅಂತ ನಾವು ಕೇಳಲಿಲ್ಲ. ಕೇಳಬಾರದು. ಅವಳಮ್ಮನೇ ಒಂದು ವಿಷಯ ಮಾತ್ರ ಹೇಳಿದಳು.

“ಜಡ್ಜ್ ಮೇಡಂ ಫೈಲ್ ನೋಡಿ, ನೀ ಮೂರನೇ ಕ್ಲಾಸ್ ಅಲ್ಲೇನವ್ವಾ ಅಂದ್ರು ಟೀಚರ್. ಇಕಿ ಏನಂದಾಳ ಗೊತ್ತೇನ್ರಿ? ‘ಇಲ್ರಿ ಮೇಡಂ. ಆವಾಗ ಮೂರು, ಈಗ ನಾಲ್ಕು’ ಅಂದಾಳ್ರಿ!”

ನನಗೆ ಅಳು ಬಂತು. ಶರಣಪ್ಪನಿಗೂ. ಪಿಪಿ ಸಾಹೇಬರು ದೂರದಿಂದ ನಮ್ಮನ್ನು ನೋಡಿದರು. ಬಲಗಡೆಯ ಮೀಸೆಯನ್ನು ಒಂದು ಸಲ ಹುರಿ ಮಾಡಿ, ಮುಂದಿನ ಕೇಸಿಗೆ ನಡೆದರು.

ಹೋದ ತಿಂಗಳು ತೀರ್ಪು ಬಂತು. ಬೈಕಿನವನಿಗೆ ಜೈಲು.

ಇಷ್ಟೆಲ್ಲ ಆದ ಮೇಲೆ ನನ್ನ ನದಿಯನ್ನು ತಿದ್ದಿದರೆ ಚಪ್ಪಾಳೆ ಹೊಡೆಯದೆ ಇನ್ನೇನು ಮಾಡಲಿ? ಈಗ ತೊಂದರೆ ಏನೆಂದರೆ ರೋಗ ನಲವತ್ತೊಂದು ಮಕ್ಕಳಿಗೂ ಹಬ್ಬಿದೆ. ‘ಸಾರು ಚಂದಾಗೈತಿ ಹೌದಿಲ್ಲೋ’ ಅಂತ ಬಿಸಿಯೂಟದ ಅಕ್ಕ ಕೇಳಿದರೆ, ‘ಇಲ್ರಿ, ಉಪ್ಪಿಲ್ರಿ’ ಅಂತ ಸಾಲಿಗೆ ಸಾಲೇ ಕೂಗುತ್ತದೆ. ಮೊನ್ನೆ ಹೆಡ್‌ಮಾಸ್ತರು ಕರೆದರು.

“ಟೀಚರ್, ನಿಮ್ಮ ಕ್ಲಾಸಿನ ಹುಡುಗ್ರು ಎದುರು ಮಾತಾಡಾಕತ್ತಾರ. ಕೆಟ್ಟು ಹೋಗ್ಯಾರ, ಹೌದಿಲ್ಲೋ?”

ಇಪ್ಪತ್ತೆರಡು ವರ್ಷದಿಂದ ಬಂದ ಎಲ್ಲ ಹೆಡ್‌ಮಾಸ್ತರಿಗೂ ‘ಹೌದ್ರಿ ಸರ್’ ಅಂದ ಬಾಯಿ ಇದು. ಆದರೂ “ಇಲ್ರಿ ಸರ್” ಅಂದೆ.

ಇರಲಿ, ನನ್ನ ಕಥೆ ಬಿಡಿ. ನಿಮ್ಮ ಮನೆಯ ಮಗು ಕೊನೆಯ ಸಲ ನಿಮಗೆ ‘ಇಲ್ಲ’ ಅಂದಾಗ ಚಪ್ಪಾಳೆ ಹೊಡೆದಿರೋ, ಕಪಾಳಕ್ಕೆ ಹೊಡೆದಿರೋ?