ಅಕ್ಕ ಗೆರೆಯಾಚೆ ಕೂತ ದಿನ

ಮೊನ್ನೆ ಸೊಸೆ ದೇವರ ಮನೆಯ ದೀಪಗಳನ್ನು ತಿಕ್ಕಲು ಹಿತ್ತಾಳೆ ಪಾಲಿಶಿನ ಹೊಸ ಡಬ್ಬಿಯೊಂದನ್ನು ತಂದಿದ್ದಳು. ಮುಚ್ಚಳ ತೆಗೆದದ್ದೇ ತಡ, ಸೀಮೆಎಣ್ಣೆಯಂಥ ಆ ಘಾಟು ಮೂಗಿಗೆ ಬಡಿಯಿತು. ನಾನು ಎದ್ದು ಹೊರಗೆ ಬಂದೆ. "ವಾಸನಿ ತಡೀವಲ್ದೇನ್ರಿ ಅತ್ತಿ?" ಎಂದಳು. ಹೌದೆಂದೆ. ಸಿದ್ದಾಪುರದ ಒಂದು ಕೇರಿಯಲ್ಲಿ ನನ್ನ ಕೈ ಹಿಡಿದು ಮೂಸಿ, ನಾನು ಯಾರ ಮಗಳೆಂದು ಹೇಳಿಬಿಟ್ಟಿದ್ದ ಹುಡುಗಿಯ ಸಂಗತಿಯನ್ನು ಅವಳಿಗೆ ಎಲ್ಲಿಂದ ಶುರುಮಾಡಿ ಹೇಳುವುದು...

ನಮ್ಮಪ್ಪ ಪೋಲೀಸ್ ಜಮಾದಾರ. ಹಾವೇರಿ ಕಡೆಯಿಂದ ಸಿದ್ದಾಪುರಕ್ಕೆ ವರ್ಗವಾಗಿ ಬಂದಾಗ ನಾನಿನ್ನೂ ಪರಕರ ಉಡುವ ಹುಡುಗಿ. ಅಪ್ಪನ ನಡುಪಟ್ಟಿಯ ಹಿತ್ತಾಳೆ ಬಿಲ್ಲೆಯನ್ನು ಪಾಲಿಶ್ ಹಚ್ಚಿ ಫಳಫಳ ಮಾಡುವುದು ನನ್ನ ಕೆಲಸವಾಗಿತ್ತು. ಎಷ್ಟು ತೊಳೆದರೂ ಬೆರಳುಗಳಿಂದ ಆ ನಾತ ಹೋಗುತ್ತಿರಲಿಲ್ಲ.

ಕಂದಾಯ ಕೊಡಬಾರದೆಂಬ ಚಳವಳಿ ಜೋರಾಗಿದ್ದ ವರ್ಷಗಳು ಅವು. ಕೊಡದವರ ಮನೆಗೆ ಸರಕಾರದ ಬೀಗ, ಮನೆ ಯಜಮಾನರಿಗೆ ಜೈಲು. ಜಪ್ತಿಯಾದ ಜಮೀನನ್ನು ಲಿಲಾವಿನಲ್ಲಿ ಹಿಡಿದವರನ್ನು ಊರು ಮಾತಾಡಿಸುತ್ತಿರಲಿಲ್ಲ. ಅಂಥವರ ಮನೆಗೆ ಕ್ಷೌರದವನೂ ಹೋಗುತ್ತಿರಲಿಲ್ಲ. ದೊಡ್ಡವರು ಮಾಡಿದ್ದನ್ನೇ ಮಕ್ಕಳೂ ಆಡಿದರು. ನಮ್ಮ ಕೇರಿಯ ಮಕ್ಕಳ ಗುಂಪಿಗೆ ಅದರದೇ ಕಾಯಿದೆ ಇತ್ತು. ತಕಲಿಯಲ್ಲಿ ನೂಲಬೇಕು. ಬೆಳಗಿನ ಪ್ರಭಾತಫೇರಿಗೆ ಬಾವುಟ ಹಿಡಿದು ಹೋಗಬೇಕು. ಯಾರೊಡನೆ ಆಡಬೇಕು, ಯಾರನ್ನು ದೂರವಿಡಬೇಕು ಎಂಬುದನ್ನು ಗುಂಪಿನ ಯಜಮಾನಿ ಹೇಳುತ್ತಿದ್ದಳು.

ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ದೊಡ್ಮನೆ ಎಂಬ ಊರಿನ ಕಡೆಯವರು. ತಂದೆ ಜೈಲಿನಲ್ಲಿದ್ದರು, ಮನೆಗೆ ಬೀಗ ಬಿದ್ದಿತ್ತು. ತಾಯಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಕೇರಿಯಲ್ಲಿ ಬಿಡಾರ ಹೂಡಿದ್ದರು. ಅಕ್ಕನಿಗೊಬ್ಬ ಪುಟ್ಟ ತಮ್ಮ. ಅಕ್ಕನ ಸೆರಗು ಬಿಟ್ಟು ಅವನು ಎಲ್ಲೂ ಹೋಗುತ್ತಿರಲಿಲ್ಲ.

ಮೊದಲ ದಿನ ನಾನು ಹತ್ತಿರ ಹೋದ ಕೂಡಲೇ ಆಟ ನಿಂತಿತು. ಅಕ್ಕ ಬಂದು ನನ್ನ ಕೈ ಹಿಡಿದಳು, ಮೂಸಿದಳು.

"ಇದು ಜಮಾದಾರ್ರ ಕೂಸು. ನಿನ್ನ ಕೈ ಎಂತಕ್ಕೆ ಹೀಂಗೆ ನಾರ್ತು?"

ಹುಡುಗಿಯರನ್ನು 'ಅದು', 'ಇದು' ಎನ್ನುವುದು ಅವರ ಮನೆಮಾತಿನ ರೀತಿ ಎಂದು ಆಗ ನನಗೆ ಗೊತ್ತಿರಲಿಲ್ಲ. ಅಳು ಬಂತು. ಆದರೂ ಮರುದಿನ ಮತ್ತೆ ಹೋದೆ. ದೂರ ನಿಂತೆ. ಒಂದು ದಿನ ಅವರ ಆಟಕ್ಕೆ ಒಬ್ಬರು ಕಡಿಮೆ ಬಿದ್ದರು. ಅಕ್ಕ ನನ್ನ ಕಡೆ ನೋಡದೆಯೇ "ಬಾರೆ" ಎಂದಳು.

ಅಲ್ಲಿಂದ ನಾನು ಬದಲಾದೆ. ಪ್ರಾರ್ಥನೆ, ಅಕ್ಷರ, ಮಡಿಮೈಲಿಗೆ ಎಲ್ಲ ಮನೆಯಲ್ಲಿ ಕಲಿತದ್ದು. ಆದರೆ ಯಾವಾಗ ನಗಬೇಕು, ಯಾರ ಮುಂದೆ ಬಾಯಿ ಮುಚ್ಚಬೇಕು ಎಂಬುದನ್ನು ಆ ಗುಂಪಿನಲ್ಲೇ ಕಲಿತೆ. ಮಾತೂ ತಿರುಗಿತು. 'ಏನು', 'ಇಲ್ಲ' ಬಿಟ್ಟು 'ಎಂತ', 'ಇಲ್ಲೆ' ಎನ್ನತೊಡಗಿದೆ. ಅವ್ವ ಬೈದಳು: "ಏನು ಅನ್ನಾಕ ಬರೂದಿಲ್ಲೇನ ನಿನಗ? ಎಂತ ಅಂತ ಎಂತ!" ಅಪ್ಪ ಮಾತ್ರ ನಕ್ಕ. "ಇರ್ಲಿ ಬಿಡ. ಅವರ ಮಾತು ಕಲತರ ಚಲೋನ ಆತು."

ಏಕೆ ಚಲೋ ಆಯಿತು ಎಂದು ನನಗೆ ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಅಪ್ಪ ಸಂಜೆ ಬರುವಾಗ ಕಾಗದದ ಪುಡಿಕೆಯಲ್ಲಿ ಬತಾಸು ತರತೊಡಗಿದ. ಊಟಕ್ಕೆ ಕೂತಾಗ ಸಲೀಸಾಗಿ ಕೇಳುತ್ತಿದ್ದ. "ಇವತ್ತ ಯಾರ ಮನಿ ಮುಂದ ಆಡಿದ್ರಿ? ಅಕಿ ಬಂದಿದ್ಲೇನು? ಏನೇನ ಮಾತಾಡಿದ್ರಿ?" ಮೊದಮೊದಲು ಖುಷಿಯಿಂದ ಹೇಳಿದೆ. ಆಟದ ಸುದ್ದಿ, ಜಗಳದ ಸುದ್ದಿ. ಒಂದು ಸಂಜೆ ಬತಾಸನ್ನು ಬಾಯಿಗಿಟ್ಟಾಗ ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದದ್ದು ಕಣ್ಣಿಗೆ ಬಿತ್ತು. ಆಮೇಲೆ ನನಗೆ ಬತಾಸು ಸೇರಲಿಲ್ಲ.

ಅತ್ತ ಗುಂಪಿನಲ್ಲೂ ಗುಸುಗುಸು. ಫೇರಿಗೆಂದು ಬಚ್ಚಿಟ್ಟ ಬಾವುಟ ಮತ್ತೆ ಮತ್ತೆ ಪೋಲೀಸರ ಕೈಗೆ ಸಿಗುತ್ತಿತ್ತು. ಯಾರೋ ಹೇಳುತ್ತಿದ್ದಾರೆ. ಎಲ್ಲರ ಕಣ್ಣು ನನ್ನ ಮೇಲೆ ಬಂದು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ನನ್ನೊಬ್ಬಳನ್ನೇ ಬಾವಿಕಟ್ಟೆಯ ಹಿಂದೆ ಕರೆದಳು. "ಯಾರ ಹತ್ರನೂ ಹೇಳಡ. ನಾಳಿನ ಬಾವುಟ ಈ ಪಾಗಾರದ ಕಲ್ಲುಸಂದೀಲಿ ಇದ್ದು. ಗೊತ್ತಿಪ್ಪದು ನಿಂಗೊಬ್ಳಿಗೇಯ."

ಅವಳ ಮುಖ ನೋಡಿದೆ. ಅಷ್ಟು ಜನರಿರುವಾಗ ನನಗೇ ಏಕೆ? ಇದು ಗುಟ್ಟಲ್ಲ, ಗಾಳ ಎಂದು ಮನಸ್ಸು ಹೇಳಿತು. ಆದರೂ ಆ ಕ್ಷಣ ಅವಳು ನನ್ನ ಭುಜದ ಮೇಲೆ ಕೈ ಇಟ್ಟಿದ್ದಳು. ಆ ಕೈ ನಿಜವೇ ಇರಲಿ ಎಂದು ಆಸೆಪಟ್ಟೆ.

ಸಂಜೆ ಅಪ್ಪ ಕೇಳಿದ, "ಏನರ ಸುದ್ದಿ ಐತೇನು?"

"ಇಲ್ಲೆ," ಎಂದೆ.

ಅಪ್ಪ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದ. ನಾನು ಯಾರ ಕಡೆಯವಳಾಗಿದ್ದೇನೆಂದು ಆ ಒಂದು ಮಾತಿನಲ್ಲೇ ಅವನಿಗೆ ತಿಳಿದುಹೋಯಿತೆಂದು ಕಾಣುತ್ತದೆ. ಮತ್ತೇನೂ ಕೇಳಲಿಲ್ಲ. ಅಂದಿನಿಂದ ಮನೆಗೆ ಬತಾಸು ಬರುವುದೂ ನಿಂತಿತು.

ಮರುದಿನ ಬೆಳಿಗ್ಗೆ ಪೋಲೀಸರು ಬಂದರು. ಬಾವಿಯ ಕಡೆ ಯಾರೂ ಹೋಗಲಿಲ್ಲ. ಅಕ್ಕನ ಬಿಡಾರದ ಹಿಂದಿದ್ದ ಹಾಳು ಕೊಟ್ಟಿಗೆಗೆ ನುಗ್ಗಿ, ಅಟ್ಟದ ಮೇಲಿನ ಹುಲ್ಲನ್ನೆಲ್ಲ ಎಳೆದು ಹಾಕಿದರು. ಏನೂ ಸಿಗದೆ ಬರಿಗೈಯಲ್ಲಿ ಹೋದರು.

ಗುಂಪಿಗೆ ಅಷ್ಟೇ ಸಾಕಾಯಿತು. ಜಮಾದಾರರ ಮಗಳಲ್ಲದೆ ಮತ್ಯಾರು? ಅಂಗಡಿಯವರ ಮಗ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದ. ನಾನು ಅದನ್ನು ದಾಟುವಂತಿಲ್ಲ, ಅವರಾರೂ ನನ್ನೊಡನೆ ಮಾತಾಡುವಂತಿಲ್ಲ. ನಾನು ಅಕ್ಕನನ್ನು ನೋಡಿದೆ. ಅವಳು ನನಗೆ ಹೇಳಿದ್ದು ಬಾವಿಯ ಹಿಂದಿನ ಪಾಗಾರದ ಗೋಡೆಯ ಸಂದಿ, ಕೊಟ್ಟಿಗೆಯ ಅಟ್ಟವಲ್ಲ. ನಾನು ಹೇಳಿಲ್ಲವೆಂದು ಅಲ್ಲಿದ್ದವರಲ್ಲಿ ಖಚಿತವಾಗಿ ಗೊತ್ತಿದ್ದವಳು ಅವಳೊಬ್ಬಳೇ. ಅವಳು ತಕಲಿಯ ನೂಲನ್ನೇ ನೋಡುತ್ತಾ ಸುಮ್ಮನೆ ಕೂತಿದ್ದಳು.

ಆ ಮೌನ ನನ್ನನ್ನು ತಿಂದಂತೆ ಗುಂಪಿನ ಬಹಿಷ್ಕಾರವೂ ತಿನ್ನಲಿಲ್ಲ. ಯಾರನ್ನು ಕಾಪಾಡುತ್ತಿದ್ದಾಳೆ ಇವಳು? ಗೆರೆಯ ಈಚೆ ಕೂತು ಒಬ್ಬೊಬ್ಬರ ಮುಖವನ್ನೂ ಓದುವುದೇ ನನಗೆ ಕೆಲಸವಾಯಿತು. ನಕ್ಕವರ ಮೇಲೆ ಅನುಮಾನ, ನಗದವರ ಮೇಲೆ ಇನ್ನೂ ಹೆಚ್ಚು.

ಹಾಗೆ ಕಾದು ನೋಡುತ್ತಿದ್ದಾಗಲೇ ಒಂದು ದಿನ ಬಾವಿಯ ಹಿಂದೆ ಅಕ್ಕನ ತಮ್ಮನನ್ನು ಕಂಡೆ. ಪಾಗಾರಕ್ಕೆ ಬೆನ್ನು ಕೊಟ್ಟು ಏನೋ ಚೀಪುತ್ತಿದ್ದ. ಮಡಿಲಲ್ಲಿ ಕಾಗದದ ಪುಡಿಕೆ. ಅದರಲ್ಲಿ ಬತಾಸು. ನಮ್ಮ ಮನೆಗೆ ಬರುವುದು ನಿಂತದ್ದು ಎಲ್ಲಿಗೆ ಹೋಗುತ್ತಿತ್ತೆಂದು ಆಗ ತಿಳಿಯಿತು. ತಲೆಯೆತ್ತಿದರೆ ಎದುರಿಗೆ ಕೊಡಪಾನ ಹೊತ್ತ ಅಕ್ಕ. ಅವನನ್ನು ನೋಡಿದಳು, ನನ್ನನ್ನು ನೋಡಿದಳು.

"ಕಂಡ್ಯನೇ?" ಎಂದಳು.

"ಇಲ್ಲೆ."

ನಾನು ಸುಳ್ಳು ಹೇಳಿದ್ದು ಅವಳಿಗೂ ಗೊತ್ತು. ಗುಂಪಿನ ಮುಂದೆ ಹೇಳಿದ್ದರೆ ನಾನು ಪಾರಾಗುತ್ತಿದ್ದೆ. ಆದರೆ ಪುಡಿಕೆ ಕೊಟ್ಟವನು ನನ್ನಪ್ಪನೆಂದೂ ಹೇಳಬೇಕಾಗುತ್ತಿತ್ತು. ಆ ಹುಡುಗನ ಮುಖ ನೋಡಿದ ಮೇಲೆ ಅದು ನನ್ನಿಂದ ಆಗುವಂತಿರಲಿಲ್ಲ.

ಮರುದಿನ ಎಲ್ಲರೂ ಸೇರಿದಾಗ ಅಕ್ಕ ಎದ್ದು ನಿಂತಳು. ಒಬ್ಬೊಬ್ಬರಿಗೆ ಒಂದೊಂದು ಜಾಗ ಹೇಳಿ ತಾನು ಪರೀಕ್ಷೆ ಮಾಡಿದ್ದನ್ನು, ಕೊಟ್ಟಿಗೆಯ ಅಟ್ಟವನ್ನು ಒಬ್ಬನಿಗೆ ಮಾತ್ರ ಹೇಳಿದ್ದನ್ನು ತಿಳಿಸಿದಳು. ನಂತರ ನನ್ನ ಕಡೆ ಕೈ ತೋರಿಸಿ, "ಇದು ಎಂತದೂ ಹೇಳಿದ್ದಿಲ್ಲೆ. ಹೇಳಿದ್ದು ಯನ್ನ ತಮ್ಮ," ಎಂದಳು.

ಹುಡುಗ ಬಿಕ್ಕುತ್ತಾ, "ಅಪ್ಪಯ್ಯನ್ನ ಬೇಗ ಬಿಡ್ತ್ವಡ... ಜಮಾದಾರ ಹೇಳಿದ," ಎಂದ.

ಬರೀ ಬತಾಸಿನ ಆಸೆಗೆ ಅವನು ಬಾಯಿಬಿಟ್ಟಿರಲಿಲ್ಲ. ಹೇಳಿದರೆ ತಂದೆಯನ್ನು ಬೇಗ ಬಿಡುತ್ತಾರೆಂದು ನಂಬಿದ್ದ. ಆದರೆ ಕಾಯಿದೆ ಕಾಯಿದೆಯೇ. ಅಂಗಡಿಯವರ ಮಗ ಮತ್ತೆ ಕಡ್ಡಿ ಎತ್ತಿಕೊಂಡ. ಅಕ್ಕ ಅವನನ್ನು ತಡೆಯಲಿಲ್ಲ. ಗೆರೆ ಎಳೆದಾದ ಮೇಲೆ ತಮ್ಮನ ಕೈ ಹಿಡಿದು, ತಾನೂ ಗೆರೆ ದಾಟಿ, ಆಚೆ ಹೋಗಿ ಅವನ ಪಕ್ಕದಲ್ಲಿ ಕೂತಳು. ತಾನೇ ಕಟ್ಟಿದ ಗುಂಪು ಅವಳ ಕಡೆ ಬೆನ್ನು ಹಾಕಿತು.

ನನ್ನನ್ನು ಈಗ "ಬಾರೆ, ಬಾ" ಎಂದು ಎಲ್ಲರೂ ಕರೆದರು. ನಾನು ಹೋಗಲಿಲ್ಲ. ನೇರವಾಗಿ ಅಕ್ಕನ ಹತ್ತಿರ ಹೋಗಿ ಕೂತೆ. ಅವಳು ತಮ್ಮನ ಮೂಗು ಒರೆಸುತ್ತಿದ್ದಳು. ತಲೆಯೆತ್ತದೆ ಮೆಲ್ಲಗೆ ಕೇಳಿದಳು:

"ಇಲ್ಲಿಗೆ ಎಂತಕ್ಕೆ ಬಂದೆ? ಅಪ್ಪ ಕಳ್ಸಿದ್ನನೇ?"

ಎದ್ದು ಮನೆಗೆ ಬಂದೆ. ಅಂದಿನಿಂದ ಅಪ್ಪನ ಬಿಲ್ಲೆ ತಿಕ್ಕುವುದನ್ನು ಬಿಟ್ಟೆ. ಅಪ್ಪ ಏಕೆಂದು ಕೇಳಲಿಲ್ಲ, ತಾನೇ ತಿಕ್ಕಿಕೊಂಡ. ನಾವಿಬ್ಬರೂ ಆ ವಿಷಯವನ್ನು ಅವನು ಸಾಯುವವರೆಗೂ ಎತ್ತಲಿಲ್ಲ. ಕೆಲವೇ ದಿನಗಳಲ್ಲಿ ಅಪ್ಪನಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಗಾಡಿ ಕೇರಿ ದಾಟುವಾಗ ಅವರ ಬಿಡಾರದ ಬಾಗಿಲು ಹಾಕಿತ್ತು... ಒಳಗೆ ಇದ್ದರೋ ಇಲ್ಲವೋ.

ಅಕ್ಕ ಅಂದು ನಿಜ ಹೇಳಿದ್ದೇಕೆ? ನನಗಾದ ಅನ್ಯಾಯಕ್ಕೋ, ನಾನೇ ಮೊದಲು ಹೇಳಿಬಿಡುತ್ತೇನೆಂಬ ಭಯಕ್ಕೋ? ಎಷ್ಟು ಸಲ ತಿರುವಿ ನೋಡಿದರೂ ನನಗೆ ನಿಶ್ಚಯವಾಗಿಲ್ಲ. ಯಾರಾದರೂ ಸುಮ್ಮನೆ ಪ್ರೀತಿ ತೋರಿಸಿದರೂ, ಇದರ ಹಿಂದೆ ಏನಿದೆ ಎಂದು ಹುಡುಕುವ ಚಾಳಿ ಮಾತ್ರ ನನಗೆ ಆ ಕೇರಿಯಿಂದ ಅಂಟಿತು. ಅದು ಸಂಸಾರದಲ್ಲೂ ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ಮದುವೆಯೊಂದಕ್ಕೆ ಸಿದ್ದಾಪುರಕ್ಕೆ ಹೋಗಿದ್ದಾಗ ಊಟದ ಪಂಕ್ತಿಯಲ್ಲಿ ಅಕ್ಕನ ತಮ್ಮ ಸಿಕ್ಕಿದರು. ಹಣ್ಣು ಮುದುಕರು; ಯಾರೋ ಹೇಳಿದ್ದರಿಂದ ಗುರುತಾಯಿತು. ನಾನೂ ಅದೇ ಕೇರಿಯಲ್ಲಿ ಆಡಿದವಳು ಎಂದೆ. ಅವರಿಗೆ ಗುರುತು ಹತ್ತಲಿಲ್ಲ.

"ನಿಮ್ಮ ತಂದೆಯವರನ್ನು ಆಗ ಬೇಗ ಬಿಟ್ಟರೇ?" ಎಂದು ಕೇಳಿದೆ.

"ಎಲ್ಲಿ ಬಿಟ್ಟರು! ಪೂರಾ ಶಿಕ್ಷೆ ಮುಗಿಸಿಯೇ ಬಂದದ್ದು." ನಂತರ ಅವರೇ ಕೇಳಿದರು, "ನಿಮ್ಮ ತಂದೆ ಎಂತ ಮಾಡ್ತಿದ್ದರು?"

"ಸರಕಾರಿ ನೌಕರಿ," ಎಂದೆ.

ಅಕ್ಕನನ್ನು ವಜ್ರಳ್ಳಿಗೆ ಕೊಟ್ಟಿದ್ದರಂತೆ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ, ಕೂಸೊಂದನ್ನು ಬಿಟ್ಟು ಜ್ವರದಲ್ಲಿ ತೀರಿಕೊಂಡಳಂತೆ. ಹಾಗಾದರೆ ನಾನು ಇಷ್ಟು ಕಾಲ ಮನಸ್ಸಿನಲ್ಲೇ ವಾದ ಹೂಡುತ್ತಿದ್ದದ್ದು ಎಂದೋ ಇಲ್ಲವಾದವಳೊಡನೆ. ಅವಳು ಬದುಕಿದ್ದಾಳೆ, ಎಂದಾದರೂ ಸಿಗುತ್ತಾಳೆ ಎಂದುಕೊಂಡೇ ನಾನು ಮುದುಕಿಯಾಗಿದ್ದೆ. ಸಿಕ್ಕರೆ ಹೇಳಬೇಕಾಗಿದ್ದದ್ದು ಒಂದೇ ಮಾತು.

ಅಕ್ಕಾ, ಅವತ್ತು ನನ್ನನ್ನು ಯಾರೂ ಕಳಿಸಿರಲಿಲ್ಲ.