ಬೆನ್ನ ಮೇಲಿನ ಅಪ್ಪಣೆ

ಕೊನೆಯ ದಿನವೂ ಚಾಂದ್ ಪಾಷಾ ಎಂದಿನಂತೆ ಭಂಡಿಗಡಿ ಊರಿನ ರಸ್ತೆಯಲ್ಲಿ ಆಟೊ ನಿಲ್ಲಿಸಿಕೊಂಡು ಕಾದ. ಬೆಳವಣಿಗೆ ತಡವಾದ ಮಕ್ಕಳನ್ನು ಕೊಪ್ಪದ ಆರೈಕೆ ಕೇಂದ್ರಕ್ಕೆ ಬಿಡುವ ಅವನು, ಮಾತು ಬಾರದ ನಾಲ್ಕು ವರ್ಷದ ಪ್ರಣತಿ ಬೆನ್ನು ತಟ್ಟುವ ತನಕ ಹೊರಡುತ್ತಿರಲಿಲ್ಲ. ಹಿಂದಿನಿಂದ ಬಸ್ಸಿನವನು ಹಾರನ್ ಹೊಡೆದರೆ, "ಯಜಮಾನ್ತಿ ಅಪ್ಪಣೆ ಕೊಡ್ಲಿ ಮಾರಾಯ, ನಿಂಗೆಂತ ಅವಸರ?" ಎನ್ನುತ್ತಿದ್ದ. ಮಂತ್ರಿಯ ಕಾರು ಬಂದರೂ ಅಷ್ಟೇ. ಅಂಗಿಯ ಬೆನ್ನಿಗೆ ದಿನವೂ ಅವಳು ತಿಂದ ರಾಗಿ ಮಣ್ಣಿ ಮೆತ್ತಿದ ಪುಟ್ಟ ಕೈಗುರುತು; "ಒಗೆಯೋಳು ನಾನಲ್ವಾ?" ಎಂದು ಹೆಂಡತಿ ತಾಹೇರಾ ಬೈಯುತ್ತಿದ್ದಳು. ಅವನು ಎದೆನೋವಿನಿಂದ ತೀರಿಕೊಂಡ ಮೇಲೆ ತಮ್ಮ ಫೈಜಲ್ ಆಟೊ ಓಡಿಸತೊಡಗಿದ. ಎಂಟು ದಿನ ಪ್ರಣತಿ ಕೈ ಎತ್ತಲಿಲ್ಲ. ಒಂಬತ್ತನೆಯ ದಿನ ತಾಹೇರಾ ಗಂಡನ ಅಂಗಿಯನ್ನೇ ಮೈದುನನಿಗೆ ತೊಡಿಸಿ ಕಳಿಸಿದಳು. ಸಂಜೆ ಬೆನ್ನಿಗೆ ಮಣ್ಣಿ ಮೆತ್ತಿತ್ತು. ಗಂಡನಿಗಿದ್ದದ್ದು ಎರಡೇ ಅಂಗಿ. ದಿನಾ ಬೆಳಿಗ್ಗೆ ಒಂದನ್ನು ಫೈಜಲ್‌ಗೆ ಕೊಟ್ಟು, ಇನ್ನೊಂದರ ಬೆನ್ನು ಉಜ್ಜುತ್ತಾಳೆ, ಬೈಯುತ್ತಲೇ.