ಕಡಲ ಹೋಟೆಲಿನ ರಾಜಮರ್ಯಾದೆ

ಟೈಲರಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅಳತೆ ಕೊಡಲು ನಿಂತವರು ಹೊಟ್ಟೆ ಒಳಗೆಳೆದುಕೊಂಡರೆ, ಉಸಿರು ಬಿಡಿ, ನಾನು ಹೊಲಿಯೋದು ನಿಮ್ಮ ಮೈಗೆ, ನಿಮ್ಮ ಆಸೆಗಲ್ಲ ಎಂದುಬಿಡುವ ಹೆಂಗಸು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬ ಗಾದೆ ಅವಳಿಗೂ ಗೊತ್ತಿತ್ತು. ಒದೆಯಲು ಬಂದವರ ಕಾಲಿನ ಅಳತೆಯನ್ನೂ ತೆಗೆದುಕೊಂಡು ಕಳಿಸುತ್ತಿದ್ದಳು, ಅಷ್ಟೆ.

ಅಂಥವಳ ನಾಲಿಗೆ ಮೆತ್ತಗಾಗುತ್ತಿದ್ದದ್ದು ತಮ್ಮನ ಮುಂದೆ ಮಾತ್ರ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಕಣ್ಣು ಮುಚ್ಚಿದಾಗ ಅವನಿಗಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಹೊಲಿಗೆ ಯಂತ್ರದ ಪಕ್ಕದಲ್ಲಿ ಚಿಂದಿ ಬಟ್ಟೆಯ ರಾಶಿಯ ಮೇಲೆ ಅವನನ್ನು ಮಲಗಿಸಿ, ಪೆಡಲು ತುಳಿದು ಸಾಕಿದಳು. ತುಳಿದು ತುಳಿದು ಅವಳ ಮಂಡಿ ಹೋಯಿತು. ತಮ್ಮ ನೆಟ್ಟಗೆ ಬೆಳೆದು ಡ್ರೈವರ್ ಆದ. ಬಾಡಿಗೆ ವ್ಯಾನಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಕಡಲ ದಂಡೆಯ ರಸ್ತೆಯುದ್ದಕ್ಕೂ ತಿರುಗಿಸುವ ಕೆಲಸ. ಆ ಪ್ರವಾಸಿಗರಿಗೆ ಡ್ರೈವರುಗಳ ಮಾತಿನಲ್ಲಿ ‘ಪಾರ್ಟಿ’ ಎಂದು ಹೆಸರು. ಪಾರ್ಟಿ ಇಳಿಯಿತು, ಪಾರ್ಟಿ ಹತ್ತಿತು, ಪಾರ್ಟಿ ಊಟಕ್ಕೆ ಕೂತಿತು ಎಂದೇ ಅವರ ದಿನ ಕಳೆಯುವುದು.

ಮನೆಗೆ ಬಂದಾಗಲೆಲ್ಲ ತಮ್ಮನ ಬಾಯಲ್ಲಿ ಒಂದೇ ಹೋಟೆಲು. ಬಂಡೆಯ ತುದಿಯಲ್ಲಿ ಸಮುದ್ರದ ಮೇಲಕ್ಕೇ ಚಾಚಿಕೊಂಡ ಜಗಲಿಯಂತೆ, ಬಿಳಿ ಬಟ್ಟೆ ಹಾಸಿದ ಮೇಜುಗಳಂತೆ, ಕೆಳಗೆ ಅಲೆಗಳಂತೆ. ತನ್ನ ಹತ್ತಿರ ಅಲ್ಲಿ ಒಂದು ಪೈಸೆಯೂ ಮುಟ್ಟುವುದಿಲ್ಲ, ಅಡುಗೆಯವರು ತನಗೆಂದೇ ಒಳ್ಳೆಯ ಮೀನು ತೆಗೆದಿಟ್ಟಿರುತ್ತಾರೆ, ಒಟ್ಟಿನಲ್ಲಿ ರಾಜಮರ್ಯಾದೆ ಎನ್ನುತ್ತಿದ್ದ. ಅಕ್ಕ ಇದನ್ನು ರವಿಕೆ ಹೊಲಿಸಲು ಬಂದವರಿಗೆಲ್ಲ ಹೇಳಿ ಹೇಳಿ, ಬೀದಿಗೆ ಬೀದಿಯೇ ಆ ಹೋಟೆಲಿನಲ್ಲಿ ಉಂಡೆದ್ದ ಹಾಗಾಗಿತ್ತು. ಮಂಡಿ ಪೂರ್ತಿ ಕೈಕೊಡುವ ಮೊದಲು ತಮ್ಮನಿಗೆ ಸಿಗುವ ಆ ಮರ್ಯಾದೆಯನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವಳ ಆಸೆ.

ಪ್ರವಾಸಿಗರು ಕಡಿಮೆಯಾಗುವ ಕಾಲ ಬಂತು. ವ್ಯಾನಿನ ಮಾಲೀಕ ಒಂದು ದಿನದ ಮಟ್ಟಿಗೆ ಗಾಡಿ ಬಿಟ್ಟುಕೊಟ್ಟ. ತಮ್ಮನ ಹೆಂಡತಿ ತವರಿಗೆ ಹೋಗಿದ್ದಳು, ಹಾಗಾಗಿ ಅಕ್ಕ ತಮ್ಮ ಇಬ್ಬರೇ. ಡ್ರೈವರುಗಳ ಬಿಳಿ ಅಂಗಿ ಇವತ್ತು ಬೇಡವೇ ಬೇಡ ಎಂದು ಅಕ್ಕ ನೀಲಿ ಬಟ್ಟೆಯಲ್ಲಿ ಹೊಸದೊಂದು ಹೊಲಿದು ಹಾಕಿಸಿದಳು. ಅವನು ರೂಢಿಯ ಪ್ರಕಾರ ಹಿಂದಿನ ಬಾಗಿಲು ತೆಗೆದು ನಿಂತ. ಅಕ್ಕ ಅವನನ್ನು ದುರುಗುಟ್ಟಿ ನೋಡಿ, ಮುಂದಿನ ಸೀಟಿನಲ್ಲಿ ಹೋಗಿ ಕೂತಳು.

ಮೊದಲು ಸಿಕ್ಕಿದ್ದು ದೀಪಸ್ತಂಭ. ತಮ್ಮ ಗಾಡಿಯನ್ನು ಮರದ ನೆರಳಿಗೆ ಹಾಕಿ, ಸೀಟನ್ನು ಹಿಂದಕ್ಕೆ ಬಾಗಿಸಿ, ನೀನು ಹತ್ತಿ ನೋಡಿ ಬಾ ಎಂದ. ಮೇಲಿನಿಂದ ಏನು ಕಾಣುತ್ತದೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ! ಇಷ್ಟು ವರ್ಷ ಬಂದವನು ಒಮ್ಮೆಯೂ ಹತ್ತಿಲ್ಲ. ಪಾರ್ಟಿಯ ಚೀಲಗಳನ್ನು ಕಾಯಬೇಕಲ್ಲ. ಅವನ ಲೆಕ್ಕವೇ ಬೇರೆ. ದೀಪಸ್ತಂಭ ಅಂದರೆ ಒಂದು ಸಣ್ಣ ನಿದ್ದೆ, ದೋಣಿ ಅಂದರೆ ಒಂದು ದೊಡ್ಡ ನಿದ್ದೆ, ಕೊಡೆ ಕಟ್ಟಿಕೊಂಡು ಆಕಾಶಕ್ಕೆ ಹಾರುವ ಜಾಗದಲ್ಲಿ ಮಾತ್ರ ಕಿರುಚಾಟ ಜಾಸ್ತಿ, ನಿದ್ದೆ ಹತ್ತುವುದಿಲ್ಲವಂತೆ. ಅಕ್ಕನಿಗೆ ರೇಗಿತು. ಇದೇನು ಮಾತು? ಮಂಡಿ ನೋವಿನ ಮುದುಕಿ ಹತ್ತಬೇಕು, ಗಟ್ಟಿಮುಟ್ಟಾದವನು ಬಿದ್ದುಕೊಂಡಿರಬೇಕು! ಅವನನ್ನು ಎಳೆದುಕೊಂಡೇ ಹತ್ತಿದಳು. ಮೇಲೆ ನಿಂತು ಇಡೀ ಕಡಲು ಕಂಡಾಗ ಅವನು ನೋಡಿದ್ದು ಕೆಳಗಿನ ವ್ಯಾನನ್ನು.

ಹಿನ್ನೀರಿನಲ್ಲೂ ಅದೇ ಕತೆ. ದೋಣಿಯವನು ಅಕ್ಕನಿಗೊಂದು ಲೈಫ್ ಜಾಕೆಟ್ ಕೊಟ್ಟು, ತಮ್ಮನ ಬೆನ್ನು ತಟ್ಟಿ, ನೆರಳಲ್ಲಿ ಕೂತಿರು ಎಂದ. ಇವನೂ ಬರುತ್ತಾನೆ ಎಂದು ಅಕ್ಕ ಹೇಳಿದ್ದಕ್ಕೆ ಅವನು ತಮಾಷೆ ಕೇಳಿದವನಂತೆ ನಕ್ಕ. ಅವಳ ಮೈಯೆಲ್ಲ ಉರಿಯಿತು. ಆದರೂ ತಡೆದುಕೊಂಡಳು. ಇವರೆಲ್ಲ ಹೀಗೇ ಇರಲಿ, ಆ ಹೋಟೆಲೊಂದು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಮಧ್ಯಾಹ್ನ ಹೋಟೆಲು ಬಂತು. ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ, ಜಗಲಿ, ಬಿಳಿ ಮೇಜುಬಟ್ಟೆ, ಅಲೆ ಎಲ್ಲ ಇದ್ದವು. ಅಕ್ಕ ಸೆರಗು ಸರಿಮಾಡಿಕೊಂಡಳು. ವ್ಯಾನು ಮುಂಬಾಗಿಲನ್ನು ದಾಟಿ, ಕಟ್ಟಡ ಸುತ್ತಿಕೊಂಡು ಹಿಂದಕ್ಕೆ ಹೋಯಿತು. ತಮ್ಮ ಇಳಿದು, ಕಣ್ಣಲ್ಲಿ ಬೆಳಕು ತುಂಬಿಕೊಂಡು, ಅವಳ ಕೈ ಹಿಡಿದು ನಡೆಸಿದ. ಗ್ಯಾಸ್ ಸಿಲಿಂಡರುಗಳ ಸಾಲು, ಎಂಜಲು ತಟ್ಟೆ ತೊಳೆಯುವ ತೊಟ್ಟಿ, ಗುಡುಗುಡು ಎನ್ನುವ ಜನರೇಟರ್. ಅದರಾಚೆ ತಗಡಿನ ಮಾಡು, ಕೆಳಗೊಂದು ಹಲಗೆ ಬೆಂಚು. ಎದುರಿಗೆ ಎತ್ತರದ ಗೋಡೆ. ಸಮುದ್ರ ಗೋಡೆಯ ಆಚೆಗಿತ್ತು.

"ಇದೇ ನನ್ನ ಜಾಗ ಅಕ್ಕ," ಎಂದ ತಮ್ಮ. ಬೆಂಚಿನ ಮೇಲಿನ ಧೂಳನ್ನು ಹೊಸ ಅಂಗಿಯ ತೋಳಿನಿಂದಲೇ ಒರೆಸಿದ. ಅಡುಗೆಯವನು ಕಿಟಕಿಯಿಂದ ಇಣುಕಿ, ಬಂದೆಯಾ ಎಂದು ನಕ್ಕು, ಎರಡು ತಟ್ಟೆ ಹೊರಗಿಟ್ಟ.

ಅಕ್ಕ ಕೂರಲಿಲ್ಲ. ಜಗಲಿಯಲ್ಲಿ ಕೂತು ಉಣ್ಣುತ್ತೇನೆಂದು ತಮ್ಮ ಎಂದೂ ಹೇಳಿರಲಿಲ್ಲ. ಮನಸ್ಸಿನಲ್ಲೇ ಅವನನ್ನು ಅಲ್ಲಿ ಕೂರಿಸಿಕೊಂಡದ್ದು ಅವಳೇ. ಆದರೂ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಗಾಡಿ ತುಂಬ ಗಿರಾಕಿ ತಂದು ಸುರಿಯುವವನು ಇವನು, ಇವನಿಗೆ ಎಂಜಲು ತೊಟ್ಟಿಯ ಪಕ್ಕ ಬೆಂಚು! ಇದಕ್ಕೆ ರಾಜಮರ್ಯಾದೆ ಅಂತ ಹೆಸರು ಬೇರೆ ಕೇಡು! ಮಂಡಿ ನೋವು ಮರೆತು, ಅವನ ರಟ್ಟೆ ಹಿಡಿದುಕೊಂಡು, ಕಟ್ಟಡ ಬಳಸಿ ದಾಪುಗಾಲು ಹಾಕಿದಳು. ತಮ್ಮ ಬೇಡ ಅಕ್ಕ, ಬೇಡ ಅಕ್ಕ ಎನ್ನುತ್ತಲೇ ಬಂದ.

ಮುಂಬಾಗಿಲಲ್ಲಿ ಮ್ಯಾನೇಜರು ತಮ್ಮನನ್ನು ಕಂಡು ಮುಖ ಅರಳಿಸಿದ. "ಏನಪ್ಪ ಡ್ರೈವರ್, ಪಾರ್ಟಿ ಎಲ್ಲಿ?"

"ಪಾರ್ಟಿ ನಾವೇ," ಎಂದಳು ಅಕ್ಕ.

ಮ್ಯಾನೇಜರು ಒಳ್ಳೆಯ ಮಾತಿನವನು, ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಅಮ್ಮ, ನಿಮಗೆ ಸಮುದ್ರದ ಕಡೆಯ ಮೇಜೇ ಕೊಡುತ್ತೇನೆ, ಡ್ರೈವರಿಗೆ ಹಿಂದೆ ವ್ಯವಸ್ಥೆ ಇದೆ, ಅವನ ಊಟಕ್ಕೆ ನಾವು ಯಾವತ್ತೂ ಕಡಿಮೆ ಮಾಡಿಲ್ಲ ಎಂದು ನಯವಾಗಿ ಹೇಳಿದ. ಜಗಲಿಯಲ್ಲಿ ಡ್ರೈವರುಗಳು ಕೂತರೆ ಉಳಿದ ಗಿರಾಕಿಗಳಿಗೆ ಮುಜುಗರವಾಗುತ್ತದೆ ಎಂದೂ ಸೇರಿಸಿದ.

"ಮುಜುಗರ ಯಾಕೆ ಆಗುತ್ತೆ? ಜೀವ ಇವನ ಕೈಯಲ್ಲಿ ಕೊಟ್ಟು ಆ ತಿರುವುಗಳನ್ನೆಲ್ಲ ದಾಟಿ ಬರುವಾಗ ಆಗಲ್ವಾ?" ಅಕ್ಕನ ದನಿ ಜಗಲಿಯ ಕೊನೆಯ ಮೇಜಿಗೂ ಕೇಳಿಸಿತು. "ಇವನು ನನ್ನ ತಮ್ಮ. ನಾನು ಎಲ್ಲಿ ಕೂರ್ತೀನೋ ಇವನೂ ಅಲ್ಲೇ. ದುಡ್ಡು ಕೊಟ್ಟು ತಿಂತೀವಿ, ನಿಮ್ಮ ಧರ್ಮದ ಕೂಳು ಬೇಕಾಗಿಲ್ಲ."

ಉಣ್ಣುತ್ತಿದ್ದವರ ಕೈಗಳು ನಿಂತವು. ಮ್ಯಾನೇಜರು ಇನ್ನು ಮಾತು ಬೆಳೆದರೆ ತನಗೇ ನಷ್ಟ ಎಂದುಕೊಂಡು ಅಂಚಿನ ಮೇಜು ತೋರಿಸಿದ. ಅಕ್ಕ ಗೆದ್ದಳು. ತಮ್ಮನನ್ನು ಕಡಲಿಗೆ ಎದುರಾಗಿ ಕೂರಿಸಿ, ತಾನು ಅತ್ತ ಬೆನ್ನು ಹಾಕಿ ಕೂತಳು. ಗಾಳಿ ಬೀಸುತ್ತಿತ್ತು, ಊಟವೂ ಬಂತು. ಬಡಿಸಿದವನು ತಮ್ಮನ ದಿನನಿತ್ಯದ ಗುರುತಿನವನೇ. ಆದರೂ ಇವತ್ತು ಅವನ ಮುಖ ನೋಡದೆ, ಸರ್ ಎಂದು ಹೇಳಿ ಹೋದ.

ತಮ್ಮ ಅನ್ನ ಕಲಸುತ್ತಲೇ ಇದ್ದ, ತುತ್ತು ಬಾಯಿಗೆ ಹೋಗಲಿಲ್ಲ. ತಿನ್ನೋ, ಮರ್ಯಾದೆ ಅಂದರೆ ಇದು, ಅಲ್ಲಿ ಕೂತು ಉಣ್ಣೋಕೆ ನಿನಗೆ ಒಂದು ದಿನವೂ ನಾಚಿಕೆ ಆಗಲಿಲ್ವಾ ಎಂದು ಅಕ್ಕ ಗದರಿಸಿದಳು.

"ಆಗಿರಲಿಲ್ಲ ಅಕ್ಕ," ಎಂದ ತಮ್ಮ. ತಲೆ ಎತ್ತಲಿಲ್ಲ. "ಅಲ್ಲಿ ಊಟ ಚೆನ್ನಾಗಿ ಸೇರ್ತಿತ್ತು. ಅಡುಗೆಯವನು ಪಕ್ಕದಲ್ಲಿ ಕೂತು ಮಾತಾಡ್ತಿದ್ದ. ಅದು ಅವಮಾನ ಅಂತ ನೀನು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು." ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ಕೇಳಿದ, "ನಾಳಿದ್ದು ಮತ್ತೆ ಪಾರ್ಟಿ ಕರ್ಕೊಂಡು ಇಲ್ಲಿಗೇ ಬರಬೇಕು. ಆಗ ಎಲ್ಲಿ ಕೂತು ಊಟ ಮಾಡ್ಲಿ?"

ಊರಿಗೆಲ್ಲ ಉತ್ತರ ಕೊಡುವ ಅಕ್ಕ ತನ್ನ ತಟ್ಟೆಯ ಮೀನನ್ನೂ ಎತ್ತಿ ಅವನ ತಟ್ಟೆಗೆ ಹಾಕಿ, ಮೊದಲು ಇದನ್ನು ತಿನ್ನು ಎಂದಳು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ, ಈಗ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.